ನಾಲ್ಕು ಬೆಳ್ಳಿ, ಒಂದು ಚಿನ್ನ ಮತ್ತು ನಮ್ಮ ಮನೆಯ ಹೆಣ್ಣುಮಕ್ಕಳು

(ವಿದ್ಯಾರ್ಥಿನಿಯರ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿಭಾ ಪುರಸ್ಕಾರದ ವೇದಿಕೆಗಳಲ್ಲಿ ಸಾಮಾನ್ಯವಾಗಿ ಪ್ರಥಮ ಸ್ಥಾನ ಪಡೆದವರ ಕಥೆಗಳನ್ನು ಹೇಳಲಾಗುತ್ತದೆ. ನಾವಿಂದು ಒಲಿಂಪಿಕ್ಸ್‌ನಲ್ಲಿ ಐದು ಬಾರಿ ಸ್ಪರ್ಧಿಸಿ, ನಾಲ್ಕು ಬಾರಿ ಎರಡನೆಯ ಸ್ಥಾನದಲ್ಲಿ ನಿಂತ ಓರ್ವ ಮಹಿಳೆಯ ಬಗ್ಗೆ ಮಾತನಾಡಬಯಸುತ್ತೇವೆ. ಹೆಸರು ಕ್ಯಾಥರೀನ್ ಗ್ರೇಂಜರ್. ಬ್ರಿಟನ್ನಿನ ರೋಯಿಂಗ್ ಪಟು. ಈ ಹೆಸರನ್ನು ಈ ಸಭಾಂಗಣದಲ್ಲಿ ಹೆಚ್ಚಿನವರು ಕೇಳಿರಲಾರರು. ಅದು ನಿಮ್ಮ ತಪ್ಪಲ್ಲ. ನಮ್ಮ ಪತ್ರಿಕೆಗಳ ಕ್ರೀಡಾ ಪುಟಗಳು ಕ್ರಿಕೆಟ್‌ನಿಂದ ಆರಂಭವಾಗಿ ಕ್ರಿಕೆಟ್‌ನಲ್ಲೇ ಕೊನೆಗೊಳ್ಳುತ್ತವೆ.

ಮೊದಲು ಆ ಕ್ರೀಡೆಯ ಬಗ್ಗೆ ಎರಡು ಮಾತು. ನಮ್ಮ ಹೊಳೆಗಳಲ್ಲಿ ಅಂಬಿಗನು ಸಾಮಾನ್ಯವಾಗಿ ತಾನು ತಲುಪಬೇಕಾದ ದಡವನ್ನು ನೋಡುತ್ತಾ ದೋಣಿ ನಡೆಸುತ್ತಾನೆ. ರೋಯಿಂಗ್‌ನಲ್ಲಿ ಹಾಗಲ್ಲ. ಇಲ್ಲಿ ಹುಟ್ಟು ಹಾಕುವವರು ಗುರಿಗೆ ಬೆನ್ನು ಹಾಕಿ ಕುಳಿತುಕೊಳ್ಳುತ್ತಾರೆ. ತಲುಪಬೇಕಾದ ಗೆರೆ ಅವರಿಗೆ ಕಾಣಿಸುವುದಿಲ್ಲ. ಕಾಣಿಸುವುದು ದಾಟಿ ಬಂದ ನೀರು ಮತ್ತು ಹಿಂದೆ ಉಳಿದವರು. ಅಂದರೆ, ಮುಂದಿರುವ ದೋಣಿಯವರಿಗೆ ತಮ್ಮನ್ನು ಬೆನ್ನಟ್ಟುವವರು ಪ್ರತಿ ಕ್ಷಣವೂ ಕಣ್ಣೆದುರೇ ಇರುತ್ತಾರೆ; ಹಿಂದುಳಿದವರಿಗೆ ಮುಂದೆ ಯಾರಿದ್ದಾರೆಂದು ಕಾಣಬೇಕಾದರೆ ತಲೆ ತಿರುಗಿಸಬೇಕು. ಒಲಿಂಪಿಕ್ಸ್‌ನಲ್ಲಿ ದೂರ 2000 ಮೀಟರ್. ನೀರು ಶಾಂತವಾಗಿದ್ದರೆ ಇಬ್ಬರು ಕೂಡಿ ನಡೆಸುವ ದೋಣಿ ಏಳು ನಿಮಿಷಗಳೊಳಗೆ ಗುರಿ ಮುಟ್ಟುತ್ತದೆ. ಪ್ರತಿಯೊಬ್ಬರೂ ಎರಡೆರಡು ಹುಟ್ಟು ಹಿಡಿದರೆ ಅದು ಸ್ಕಲ್ಸ್. ಇಬ್ಬರಿದ್ದರೆ ಡಬಲ್ ಸ್ಕಲ್ಸ್, ನಾಲ್ವರಿದ್ದರೆ ಕ್ವಾಡ್ರುಪಲ್ ಸ್ಕಲ್ಸ್. ಇಬ್ಬರೂ ಒಂದೊಂದೇ ಹುಟ್ಟು ಹಿಡಿದರೆ ಅದನ್ನು ಪೇರ್ ಎನ್ನುತ್ತಾರೆ. ಇಷ್ಟು ತಿಳಿದರೆ ಮುಂದಿನದು ಸುಲಭ.

ಇನ್ನು ಇತಿಹಾಸ. ಪುರುಷರು 1900ರಿಂದಲೇ ಒಲಿಂಪಿಕ್ಸ್‌ನಲ್ಲಿ ದೋಣಿ ನಡೆಸುತ್ತಿದ್ದರು. ಮಹಿಳೆಯರಿಗೆ ಆ ಬಾಗಿಲು ತೆರೆದದ್ದು 1976ರ ಮಾಂಟ್ರಿಯಲ್‌ನಲ್ಲಿ. ಅದೂ ಪೂರ್ತಿಯಾಗಿ ಅಲ್ಲ. ಪುರುಷರಿಗೆ 2000 ಮೀಟರ್, ಮಹಿಳೆಯರಿಗೆ 1000 ಮೀಟರ್. ಮಹಿಳೆಯ ದೇಹ ಪೂರ್ಣ ದೂರವನ್ನು ತಾಳಲಾರದು ಎಂಬ ನಂಬಿಕೆ ಅದರ ಹಿಂದಿತ್ತು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೂ 2000 ಮೀಟರ್ ಆಯಿತು; ಯಾವ ದೇಹವೂ ಮುರಿದು ಬೀಳಲಿಲ್ಲ. ಪುರುಷರಿಗೆ ಏಳು ಸ್ಪರ್ಧೆ, ಮಹಿಳೆಯರಿಗೆ ಏಳು ಸ್ಪರ್ಧೆ ಎಂಬ ಸಮಾನತೆ ಬಂದದ್ದಾದರೋ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ. ಮಹಿಳೆಯನ್ನು ಬಿಡುಗಡೆಗೊಳಿಸಿದ್ದೇವೆಂದು ಜಗತ್ತಿಗೆಲ್ಲ ಪಾಠ ಹೇಳುವ ಪಾಶ್ಚಾತ್ಯ ರಾಷ್ಟ್ರಗಳು ಒಂದು ದೋಣಿಯ ವಿಷಯದಲ್ಲಿ ಇಷ್ಟು ಕಾಲ ತೆಗೆದುಕೊಂಡವು ಎಂಬುದನ್ನು ನಾವು ಗಮನಿಸಬೇಕು. ಹಾಗೆಂದು ಅದನ್ನು ನಮ್ಮ ವೈಫಲ್ಯಕ್ಕೆ ನೆಪವಾಗಿ ಬಳಸಲೂಬಾರದು.

ಗ್ರೇಂಜರ್ ಹುಟ್ಟಿದ್ದು 1975ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅವರು ಬಾಲ್ಯದಿಂದಲೇ ದೋಣಿಯಲ್ಲಿ ಬೆಳೆದವರಲ್ಲ. 1993ರಲ್ಲಿ ಕಾನೂನು ಓದಲೆಂದು ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಸೇರಿದ ಬಳಿಕವಷ್ಟೇ ಹುಟ್ಟು ಹಿಡಿದರು. ನಮ್ಮಲ್ಲಿ ಆ ವಯಸ್ಸಿಗೆ ಹೆಣ್ಣುಮಗಳ ಭವಿಷ್ಯದ ಬಗೆಗಿನ ತೀರ್ಮಾನ ಮುಗಿದೇ ಹೋಗಿರುತ್ತದೆ. ಅವರ ವಿಷಯದಲ್ಲಿ ಅದು ಆರಂಭ.

ಆರಂಭ ಎಂದೊಡನೆ ಹಣದ ಪ್ರಶ್ನೆ ಬರುತ್ತದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿಗೆ ಸಿಕ್ಕಿದ್ದು ಒಂದೇ ಒಂದು ಚಿನ್ನ. ಅದೂ ಪುರುಷರ ರೋಯಿಂಗ್‌ನಲ್ಲಿ. ಪದಕಪಟ್ಟಿಯಲ್ಲಿ ಆ ದೇಶದ ಸ್ಥಾನ 36. ಈ ಅವಮಾನದ ನಂತರ ರಾಷ್ಟ್ರೀಯ ಲಾಟರಿಯ ಹಣವನ್ನು ಕ್ರೀಡಾಪಟುಗಳ ತರಬೇತಿಗೆ ಹರಿಸಲಾಯಿತು. ಲಾಟರಿಯ ಹಣದ ಬಗ್ಗೆ ನಮ್ಮ ನಿಲುವೇನೆಂದು ನಿಮಗೆ ಗೊತ್ತಿದೆ. ಬಡವನ ಕಿಸೆಯ ಆಸೆಯನ್ನು ಹಿಂಡಿ ತೆಗೆದ ಹಣವದು, ಎಷ್ಟೇ ಪದಕ ತಂದರೂ ಆ ಮೂಲ ಬದಲಾಗದು. ಆದರೆ ನಾವಿಲ್ಲಿ ನೋಡಬೇಕಾದ ಸಂಗತಿ ಬೇರೊಂದಿದೆ. ಅಲ್ಲಿಯವರೆಗೆ ಉದ್ಯೋಗ ಮಾಡುತ್ತಾ, ಉಳಿದ ಗಂಟೆಗಳಲ್ಲಿ ತರಬೇತಿ ಪಡೆಯುತ್ತಿದ್ದವರಿಗೆ ಪೂರ್ಣ ಸಮಯ ದೊರೆಯಿತು. ಪ್ರತಿಭೆ ಮೊದಲೂ ಇತ್ತು. ಇಲ್ಲದಿದ್ದದ್ದು ಸಮಯ. ನಮ್ಮ ಸಮುದಾಯದಲ್ಲಿ ಪ್ರತಿಭೆಯಿಲ್ಲ ಎಂದು ಕೊರಗುವ ಹಿರಿಯರು ಈ ವ್ಯತ್ಯಾಸವನ್ನು ಗಮನಿಸಬೇಕೆಂದು ವಿನಂತಿ.

2000ದ ಸಿಡ್ನಿ ಒಲಿಂಪಿಕ್ಸ್. ಕ್ವಾಡ್ರುಪಲ್ ಸ್ಕಲ್ಸ್ ದೋಣಿಯಲ್ಲಿ ಬ್ಯಾಟನ್ ಸಹೋದರಿಯರಾದ ಮಿರಿಯಂ ಮತ್ತು ಗ್ವಿನ್, ಜೊತೆಗೆ ಗಿಲಿಯನ್ ಲಿಂಡ್ಸೆ ಮತ್ತು ಗ್ರೇಂಜರ್. ಜರ್ಮನಿ ಮೊದಲ ಸ್ಥಾನ ಪಡೆಯಿತು. ಬ್ರಿಟನ್ ಮತ್ತು ರಷ್ಯಾದ ದೋಣಿಗಳು ಬಹುತೇಕ ಒಟ್ಟಿಗೇ ಗೆರೆ ದಾಟಿದವು. ಛಾಯಾಚಿತ್ರ ಪರಿಶೀಲಿಸಿದಾಗ ತಿಳಿದ ಅಂತರ ಒಂದು ಸೆಕೆಂಡಿನ ನೂರನೇ ಒಂದು ಭಾಗ. ಬ್ರಿಟನ್ನಿಗೆ ಬೆಳ್ಳಿ. ಮಹಿಳೆಯರ ರೋಯಿಂಗ್ ಒಲಿಂಪಿಕ್ಸ್‌ಗೆ ಬಂದು 24 ವರ್ಷಗಳ ಬಳಿಕ ಆ ದೇಶದ ಮಹಿಳೆಯರಿಗೆ ದೊರೆತ ಮೊತ್ತಮೊದಲ ಒಲಿಂಪಿಕ್ ಪದಕವದು. ಆ ಬೆಳ್ಳಿಯನ್ನು ಯಾರೂ ಸೋಲೆಂದು ಕರೆಯಲಿಲ್ಲ.

2004ರ ಅಥೆನ್ಸ್‌ನಲ್ಲಿ ಅವರು ದೋಣಿ ಬದಲಿಸಿದ್ದರು. ಕ್ಯಾಥ್ ಬಿಷಪ್ ಎಂಬ ಜೊತೆಗಾರ್ತಿಯೊಂದಿಗೆ ಪೇರ್. 2003ರಲ್ಲಿ ಇದೇ ಜೋಡಿ ಇಟಲಿಯ ಮಿಲಾನ್‌ನಲ್ಲಿ ವಿಶ್ವ ಚಾಂಪಿಯನ್ ಆಗಿತ್ತು. ಅಥೆನ್ಸ್‌ನಲ್ಲಿ ರೊಮೇನಿಯಾದ ಜೋಡಿ ಗೆದ್ದಿತು. ಮತ್ತೆ ಬೆಳ್ಳಿ. ಬಳಿಕ 2005, 2006 ಮತ್ತು 2007ರಲ್ಲಿ ಕ್ವಾಡ್ರುಪಲ್ ಸ್ಕಲ್ಸ್‌ನಲ್ಲಿ ಸತತ ಮೂರು ವಿಶ್ವ ಪ್ರಶಸ್ತಿಗಳು. ಇವುಗಳಲ್ಲಿ 2006ರದ್ದು ವಿಚಿತ್ರ. ತವರು ನೆಲದ ಈಟನ್ ಸರೋವರದಲ್ಲಿ ಅಂದು ಮೊದಲು ಗೆರೆ ದಾಟಿದ್ದು ರಷ್ಯಾ. ಆ ತಂಡದ ಸದಸ್ಯೆಯೊಬ್ಬರು ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಕಾರಣ ತಿಂಗಳುಗಳ ನಂತರ ಚಿನ್ನ ಬ್ರಿಟನ್ನಿನ ಪಾಲಾಯಿತು. ಪ್ರಾಮಾಣಿಕವಾಗಿ ದುಡಿದವರಿಗೆ ಅವರ ಪಾಲು ತಡವಾಗಿ, ಜನ ಚದುರಿ ಹೋದ ಮೇಲೆ ತಲುಪಿತು.

ಈಗ ಬೀಜಿಂಗ್‌ಗೆ ಬರೋಣ. ಅಷ್ಟಕ್ಕೂ, ನಾವು ಈ ವಿಷಯವನ್ನು ಆರಿಸಿಕೊಂಡದ್ದೇ 2008ರ ಆ ಆಗಸ್ಟ್ ತಿಂಗಳಿನ ಕಾರಣದಿಂದ.

ಆನಿ ವೆರ್ನನ್, ಡೆಬ್ಬಿ ಫ್ಲಡ್, ಫ್ರಾನ್ಸಿಸ್ ಹಾಟನ್ ಮತ್ತು ಗ್ರೇಂಜರ್. ಚಿನ್ನ ಇವರದೇ ಎಂದು ಬಹಳ ಮಂದಿ ನಂಬಿದ್ದರು. ಓಟ ಆರಂಭವಾಯಿತು, ಇವರ ದೋಣಿ ಮುಂದೆ ಹೋಯಿತು, ಬಹುತೇಕ ದೂರ ಮುಂದೆಯೇ ಉಳಿಯಿತು. ನಾವು ಆಗಲೇ ಹೇಳಿದೆವು: ಮುಂದಿರುವವರಿಗೆ ಹಿಂದಿನವರು ಕಾಣಿಸುತ್ತಾರೆ. ಕೊನೆಯ ಹಂತದಲ್ಲಿ ಚೀನಾದ ದೋಣಿ ವೇಗ ಹೆಚ್ಚಿಸಿತು. ನಾಲ್ವರೂ ಅದನ್ನು ಕಣ್ಣಾರೆ ಕಂಡರು. ಅದು ಸಮೀಪಿಸುತ್ತಾ, ಸರಿಸಮಕ್ಕೆ ಬಂದು, ಕಣ್ಣಳತೆಯಿಂದ ಮುಂದಕ್ಕೆ ಸರಿದು ಹೋಯಿತು. ಅಂತರ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಪದಕ ಸ್ವೀಕರಿಸುವಾಗ ಅವರು ಅಳುತ್ತಿದ್ದರು. ಒಲಿಂಪಿಕ್ ಬೆಳ್ಳಿ ಕೊರಳಲ್ಲಿದ್ದರೂ ಸಾವಿನ ಮನೆಯಿಂದ ಬಂದವರಂತೆ ನಿಂತಿದ್ದ ಆ ನಾಲ್ವರ ಚಿತ್ರ ಅಂದು ಜಗತ್ತನ್ನೆಲ್ಲ ಸುತ್ತಿತು.

ಎಂಟು ವರ್ಷಗಳ ಹಿಂದೆ ಸಿಡ್ನಿಯಲ್ಲಿ ಇದೇ ಬೆಳ್ಳಿ ಹಬ್ಬವಾಗಿತ್ತು. ಬೀಜಿಂಗ್‌ನಲ್ಲಿ ಅದೇ ಬೆಳ್ಳಿ ಶೋಕವಾಯಿತು. ಲೋಹ ಬದಲಾಗಿರಲಿಲ್ಲ. ಬದಲಾದದ್ದು ನೋಡುವವರ ನಿರೀಕ್ಷೆ. ಈ ನಿರೀಕ್ಷೆಯನ್ನು ಮಕ್ಕಳ ಬೆನ್ನ ಮೇಲೆ ಹೇರುವುದರಲ್ಲಿ ನಾವು, ಹೆತ್ತವರು, ಎಷ್ಟು ಉದಾರಿಗಳು!

ಇಲ್ಲಿ ನಮ್ಮ ನೆರೆಯ ಒಂದು ಘಟನೆಯನ್ನು ಹೇಳದಿರಲಾಗದು. ಓರ್ವ ಹೆಣ್ಣುಮಗಳು ದ್ವಿತೀಯ ಪಿಯುಸಿಯಲ್ಲಿ ಕಾಲೇಜಿಗೆ ಎರಡನೆಯವಳಾಗಿ ತೇರ್ಗಡೆಯಾದಳು. ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಮಾತ್ರ ಸರಕಾರಿ ಸೀಟಿಗೆ ಬೇಕಾದಷ್ಟು ಅಂಕ ಬರಲಿಲ್ಲ. ಇನ್ನೊಂದು ವರ್ಷ ಕೊಡಿ, ಮತ್ತೆ ಬರೆಯುತ್ತೇನೆಂದು ಕೇಳಿಕೊಂಡಳು. ‘ಒಮ್ಮೆ ನೋಡಿಯಾಯಿತಲ್ಲ’ ಎಂದರು ಮನೆಯವರು. ಅವಳ ಅಣ್ಣ ಅದೇ ಪರೀಕ್ಷೆಯನ್ನು ಮೂರು ಬಾರಿ ಬರೆದಿದ್ದ, ಆಗ ಯಾರೂ ವರ್ಷಗಳನ್ನು ಲೆಕ್ಕ ಹಾಕಿರಲಿಲ್ಲ. ಮುಂದಿನ ಶವ್ವಾಲ್‌ನಲ್ಲಿ ಅವಳ ಮದುವೆಯಾಯಿತು. ಮದುವೆಗೆ ಮುಂಚೆ ನಾವು ಆ ಮನೆಗೆ ಹೋಗಿದ್ದೆವು. ಚಹಾ ಕುಡಿದೆವು. ವೇದಿಕೆಗಳಲ್ಲಿ ಮಹಿಳಾ ಶಿಕ್ಷಣದ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಾವು ಆ ಮನೆಯ ಹಜಾರದಲ್ಲಿ ಒಂದು ಮಾತನ್ನೂ ಆಡದೆ ಎದ್ದು ಬಂದೆವು. ಆ ಹೆಣ್ಣುಮಗಳು ಸುಖವಾಗಿದ್ದಾಳೆ, ಅಲ್ಲಾಹನು ಹಾಗೆಯೇ ಇಡಲಿ. ಮದುವೆ ತಪ್ಪೆಂದು ನಾವು ಹೇಳುತ್ತಿಲ್ಲ. ಅವಳು ಕೇಳಿದ್ದು ಒಂದು ವರ್ಷ ಮಾತ್ರ ಎಂಬುದು ಈಗಲೂ ನಮ್ಮನ್ನು ಚುಚ್ಚುತ್ತದೆ.

ಬೀಜಿಂಗ್‌ನಲ್ಲಿ ಮೂರನೆಯ ಬೆಳ್ಳಿ ಪಡೆದಾಗ ಗ್ರೇಂಜರ್‌ಗೆ 32 ವರ್ಷ. ಕೈಯಲ್ಲಿ ಕಾನೂನು ಪದವಿಯಿತ್ತು, ಗ್ಲಾಸ್ಗೋದಿಂದ ವೈದ್ಯಕೀಯ ಕಾನೂನಿನಲ್ಲಿ ಎಂ.ಫಿಲ್. ಇತ್ತು, ಲಂಡನ್‌ನ ಕಿಂಗ್ಸ್ ಕಾಲೇಜಿನಲ್ಲಿ ನರಹತ್ಯೆಯ ಕಾನೂನಿನ ಮೇಲೆ ಪಿಎಚ್‌.ಡಿ. ಸಂಶೋಧನೆಯಿತ್ತು. ಬಿಟ್ಟು ಹೋಗಲು ಗೌರವದ ದಾರಿಗಳಿದ್ದವು. ಅವರು ಇನ್ನೂ ನಾಲ್ಕು ವರ್ಷಗಳನ್ನು ಆರಿಸಿಕೊಂಡರು. 2009ರಲ್ಲಿ ಒಬ್ಬಂಟಿಯಾಗಿ ಸಿಂಗಲ್ ಸ್ಕಲ್ಸ್‌ಗೆ ಇಳಿದರು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬಂದದ್ದು, ನೀವೇ ಊಹಿಸಿ, ಬೆಳ್ಳಿ.

2010ರಲ್ಲಿ ಆನ್ನಾ ವಾಟ್ಕಿನ್ಸ್ ಜೊತೆಯಾದರು. ಗಣಿತದ ಸಂಶೋಧಕಿ. ಒಬ್ಬರದು ಕೊಲೆಯ ಕಾನೂನು, ಇನ್ನೊಬ್ಬರದು ಗಣಿತ. ದಿನಕ್ಕೆ ಹಲವು ಗಂಟೆ ಒಂದೇ ದೋಣಿ. ಓದು ಮತ್ತು ಆಟ ಒಂದಕ್ಕೊಂದು ಶತ್ರುಗಳೆಂದು ನಂಬಿರುವ ನಮ್ಮ ಅಧ್ಯಾಪಕರಿಗೆ ಈ ಜೋಡಿಯ ಬಗ್ಗೆ ಯಾರಾದರೂ ಹೇಳಬೇಕು. 2010ರಲ್ಲಿ ನ್ಯೂಝಿಲೆಂಡ್‌ನಲ್ಲಿ, 2011ರಲ್ಲಿ ಸ್ಲೊವೇನಿಯಾದಲ್ಲಿ ಇಬ್ಬರೂ ವಿಶ್ವ ಚಾಂಪಿಯನ್ನರಾದರು. ಆಗಸ್ಟ್ 3, 2012ರಂದು ಲಂಡನ್ ಒಲಿಂಪಿಕ್ಸ್‌ನ ಫೈನಲ್. ಸ್ಥಳ ಅದೇ ಈಟನ್ ಸರೋವರ. ಹಿಂದೆ ಚಿನ್ನ ತಡವಾಗಿ ಬಂದ ಅದೇ ನೀರು. ಆಸ್ಟ್ರೇಲಿಯಾವನ್ನು ಎರಡೂವರೆ ಸೆಕೆಂಡಿಗೂ ಹೆಚ್ಚು ಅಂತರದಿಂದ ಹಿಂದಿಕ್ಕಿ ಅವರು ಗೆದ್ದರು. ಈ ಜೋಡಿಗೆ ಅದು ಸತತ 23ನೆಯ ಗೆಲುವು. ಗ್ರೇಂಜರ್‌ಗೆ ಆಗ 36 ವರ್ಷ.

ಚಿನ್ನದ ಬಗ್ಗೆ ನಾವು ಹೆಚ್ಚು ಹೇಳುವುದಿಲ್ಲ. ಅದನ್ನು ಹೇಳುವವರು ಬೇಕಾದಷ್ಟಿದ್ದಾರೆ.

ಅವರು ಮರುವರ್ಷ ಪಿಎಚ್‌.ಡಿ. ಪೂರ್ಣಗೊಳಿಸಿದರು. ಕಥೆ ಅಲ್ಲಿ ನಿಂತಿದ್ದರೆ ಎಷ್ಟು ಚೆನ್ನ ಎಂದು ಅನೇಕರಿಗೆ ಅನಿಸಿರಬೇಕು. ಎರಡು ವರ್ಷಗಳ ವಿರಾಮದ ಬಳಿಕ, 2014ರಲ್ಲಿ ಅವರು ಮರಳಿ ಬಂದರು. ಹೊಸ ಜೊತೆಗಾರ್ತಿ ವಿಕ್ಟೋರಿಯಾ ಥಾರ್ನ್‌ಲಿ, ವಯಸ್ಸಿನಲ್ಲಿ ಬಹಳ ಕಿರಿಯರು. ಫಲಿತಾಂಶ ಬರಲಿಲ್ಲ. 2016ರಲ್ಲಿ, ರಿಯೋ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳುಗಳಿರುವಾಗ, ಜೋಡಿಯನ್ನು ಮುರಿದು ಇಬ್ಬರನ್ನೂ ಎಂಟು ಮಂದಿಯ ದೋಣಿಗೆ ಪರೀಕ್ಷಿಸಲಾಯಿತು. ಅಲ್ಲೂ ಸ್ಥಾನ ಸಿಗಲಿಲ್ಲ. ಒಲಿಂಪಿಕ್ ಚಿನ್ನ ಗೆದ್ದ, ರಾಷ್ಟ್ರವೇ ಹಾಡಿ ಹೊಗಳಿದ ಮಹಿಳೆ 40ನೆಯ ವಯಸ್ಸಿನಲ್ಲಿ ಆಯ್ಕೆಯ ಪರೀಕ್ಷೆಗೆ ನಿಂತು ತಿರಸ್ಕೃತರಾದರು. ಕೊನೆಗೆ ಅದೇ ಜೋಡಿಗೆ ಮತ್ತೆ ಡಬಲ್ ಸ್ಕಲ್ಸ್ ಕೊಡಲಾಯಿತು. ದೊಡ್ಡ ಹೆಸರಿದ್ದವರು ಇಂತಹ ಪರೀಕ್ಷೆಗೆ ನಿಲ್ಲುವುದನ್ನು ನಾವು ರಾಜಕೀಯದಲ್ಲಂತೂ ಕಂಡಿಲ್ಲ. ನಮ್ಮ ಜಮಾಅತ್ ಸಮಿತಿಗಳಲ್ಲೂ ಕಂಡಿಲ್ಲ.

ರಿಯೋದಲ್ಲಿ ಗಾಳಿ ಜೋರಾಗಿತ್ತು. ಎರಡು ದಿನಗಳ ಸ್ಪರ್ಧೆಗಳನ್ನೇ ಮುಂದೂಡಬೇಕಾಯಿತು. ಆಗಸ್ಟ್ 11ರಂದು ನಡೆದ ಫೈನಲ್‌ನಲ್ಲಿ ಇವರ ದೋಣಿ ಮುನ್ನಡೆ ಪಡೆಯಿತು. ಯಾರೂ ನಿರೀಕ್ಷಿಸದ ಮುನ್ನಡೆ. ಕೊನೆಯ ಭಾಗದಲ್ಲಿ ಪೋಲೆಂಡ್ ದಾಟಿ ಹೋಯಿತು, ಸೆಕೆಂಡಿಗಿಂತಲೂ ಕಡಿಮೆ ಅಂತರದಲ್ಲಿ. ಬೀಜಿಂಗ್‌ನಲ್ಲಿ ನಡೆದದ್ದೇ ಇಲ್ಲೂ ನಡೆಯಿತು: ಮುಂದಿದ್ದು, ಬರುವವರನ್ನು ನೋಡುತ್ತಾ, ಹಿಂದೆ ಬಿದ್ದದ್ದು. ಆದರೆ ಈ ಬಾರಿ ಪದಕದ ವೇದಿಕೆಯಲ್ಲಿ ನಗುವಿತ್ತು. ಐದು ಸತತ ಒಲಿಂಪಿಕ್ಸ್‌ಗಳಲ್ಲಿ ಪದಕ ಪಡೆದ ಮೊದಲ ಬ್ರಿಟಿಷ್ ಮಹಿಳೆ ಎಂಬ ದಾಖಲೆ ಆ ದಿನ ಅವರದ್ದಾಯಿತು. ಆ ದಾಖಲೆಯಲ್ಲಿ ನಾಲ್ಕು ಪಾಲು ಬೆಳ್ಳಿಯದೇ.

ಸಹೋದರಿಯರ ಕಡೆಯಿಂದ ಒಂದು ಚೀಟಿ ಬಂದಿದೆ. ‘ಇದೆಲ್ಲ ಅವರ ದೇಶದ, ಅವರ ಉಡುಪಿನ ಕಥೆ, ನಮಗೇನು?’ ಎಂದು ಕೇಳಲಾಗಿದೆ. ನ್ಯಾಯವಾದ ಪ್ರಶ್ನೆ. ಗ್ರೇಂಜರ್ ಅತ್ತ ಅದೇ ಬೀಜಿಂಗ್ ಒಲಿಂಪಿಕ್ಸ್‌ನ ಉದ್ಘಾಟನೆಯ ದಿನ ಇರಾನ್ ತಂಡದ ಮುಂದೆ ರಾಷ್ಟ್ರಧ್ವಜ ಹಿಡಿದು ನಡೆದದ್ದು ಓರ್ವ ಮಹಿಳೆ. ಹೆಸರು ಹೋಮಾ ಹುಸೈನಿ. ಅವರೂ ರೋಯಿಂಗ್ ಪಟುವೇ. ತಲೆಯನ್ನು ಮುಚ್ಚಿಕೊಂಡೇ ಸಿಂಗಲ್ ಸ್ಕಲ್ಸ್‌ನಲ್ಲಿ ಸ್ಪರ್ಧಿಸಿದರು. ಅವರಿಗೆ ಪದಕ ಬರಲಿಲ್ಲ. ಆದರೆ ಅವರ ನಂತರದ ಒಲಿಂಪಿಕ್ಸ್‌ಗಳಲ್ಲೂ ಇರಾನಿನ ಮಹಿಳೆಯರು ಅದೇ ದೋಣಿಯಲ್ಲಿ ಕಾಣಿಸಿಕೊಂಡರು. ಉಡುಪಿನ ಬಗ್ಗೆ ಅಲ್ಲಿ ಸರಕಾರ ಮಾಡುವ ಬಲವಂತವನ್ನು ನಾವು ಸಮರ್ಥಿಸುತ್ತಿಲ್ಲ, ಅದು ಬೇರೆಯೇ ಚರ್ಚೆ. ತಲೆವಸ್ತ್ರ ದೋಣಿಗೆ ಅಡ್ಡಿಯಾಗಲಿಲ್ಲ ಎಂಬುದಷ್ಟೇ ನಮ್ಮ ಉತ್ತರ. ಮನೆಯಲ್ಲಿ ‘ಬೇಡ’ ಎನ್ನುವುದಕ್ಕೆ ನಾವು ಉಡುಪನ್ನು ಕಾರಣವಾಗಿ ತೋರಿಸುವಾಗ, ನಿಜವಾದ ಕಾರಣ ಬೇರೆಯದೇ ಇರುತ್ತದೆಯೇ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಮುಖವನ್ನು ಹೇಳದಿದ್ದರೆ ಈ ಭಾಷಣ ಅಪ್ರಾಮಾಣಿಕವಾದೀತು. 2017ರಲ್ಲಿ ಗ್ರೇಂಜರ್ ಅವರು ಯುಕೆ ಸ್ಪೋರ್ಟ್‌ನ ಅಧ್ಯಕ್ಷೆಯಾದರು. ಯಾವ ಕ್ರೀಡೆಗೆ ಎಷ್ಟು ಹಣ ಎಂದು ತೀರ್ಮಾನಿಸುವ ಸಂಸ್ಥೆಯದು. ಪದಕ ತರುವ ಕ್ರೀಡೆಗೆ ಹಣ, ತರದಿದ್ದರೆ ಇಲ್ಲ ಎಂಬ ಕಠಿಣ ನೀತಿಯಿಂದಲೇ ಬ್ರಿಟನ್ 36ನೆಯ ಸ್ಥಾನದಿಂದ ಮೇಲೆದ್ದು, ರಿಯೋದಲ್ಲಿ ಎರಡನೆಯ ಸ್ಥಾನ ತಲುಪಿತ್ತು. ಆದರೆ ಅದೇ ಹಸಿವಿನ ನೆರಳಿನಲ್ಲಿ ಮಕ್ಕಳ ಮೇಲೆ ಏನೇನು ನಡೆದಿತ್ತೆಂಬುದೂ ಹೊರಬಂತು. ಜಿಮ್ನಾಸ್ಟಿಕ್ಸ್‌ನಲ್ಲಿ ನಡೆದ ದೌರ್ಜನ್ಯಗಳ ತನಿಖೆಗೆ ನೇಮಿಸಲಾದ ಆನ್ ವೈಟ್ ಅವರ ಮುಂದೆ 400ಕ್ಕೂ ಹೆಚ್ಚು ಹೇಳಿಕೆಗಳು ಬಂದವು. 2022ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಎಳೆಯ ಹೆಣ್ಣುಮಕ್ಕಳನ್ನು ತೂಕದ ಹೆಸರಲ್ಲಿ ಹಸಿವಿನಲ್ಲಿಟ್ಟದ್ದು, ನೀರನ್ನೂ ಶೌಚಾಲಯವನ್ನೂ ನಿರಾಕರಿಸಿದ್ದು, ಗಾಯಗಳೊಂದಿಗೇ ಅಭ್ಯಾಸ ಮಾಡಿಸಿದ್ದು ಎಲ್ಲವೂ ಇದೆ. ಆ ತನಿಖೆಯನ್ನು ಮಾಡಿಸಿದ ಎರಡು ಸಂಸ್ಥೆಗಳಲ್ಲಿ ಯುಕೆ ಸ್ಪೋರ್ಟ್ ಕೂಡ ಒಂದು. ಪದಕಗಳ ಎಣಿಕೆಯಿಂದ ಬೆಳೆದವರೇ ಆ ಎಣಿಕೆಯ ಲೆಕ್ಕವನ್ನು ಎದುರಿಸಬೇಕಾಯಿತು. ನಮ್ಮಲ್ಲೂ ಫಲಿತಾಂಶದ ಫಲಕಗಳನ್ನು ರಸ್ತೆಯುದ್ದಕ್ಕೂ ನಿಲ್ಲಿಸುವ ವಸತಿ ಕಾಲೇಜುಗಳಿವೆ. ಅವುಗಳ ಒಳಗೆ ಮಕ್ಕಳು ಎಷ್ಟು ಗಂಟೆ ನಿದ್ರಿಸುತ್ತಾರೆಂದು ಕೇಳಿದ ಹೆತ್ತವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದಾರೆ?

ಅಥೆನ್ಸ್‌ನಲ್ಲಿ ಗ್ರೇಂಜರ್ ಜೊತೆಗಿದ್ದ ಕ್ಯಾಥ್ ಬಿಷಪ್ ಬಗ್ಗೆಯೂ ಹೇಳಬೇಕು. ಅವರು ರೋಯಿಂಗ್ ಬಿಟ್ಟು ರಾಜತಾಂತ್ರಿಕ ಸೇವೆಗೆ ಸೇರಿದರು. ಬೋಸ್ನಿಯಾ ಮತ್ತು ಇರಾಕ್‌ಗಳಲ್ಲಿ ಕೆಲಸ ಮಾಡಿದರು. ಗೆಲುವಿನ ಬಗ್ಗೆ ನಮಗಿರುವ ಕಲ್ಪನೆಯನ್ನೇ ಪ್ರಶ್ನಿಸುವ ‘ದಿ ಲಾಂಗ್ ವಿನ್’ ಎಂಬ ಅವರ ಕೃತಿ 2020ರಲ್ಲಿ ಬಂತು. ಒಂದೇ ದೋಣಿಯಲ್ಲಿ ಕುಳಿತು ಒಂದೇ ಬೆಳ್ಳಿ ಪಡೆದ ಇಬ್ಬರು. ಒಬ್ಬರು ಮತ್ತೆ ನೀರಿಗಿಳಿದರು, ಇನ್ನೊಬ್ಬರು ದಡದಲ್ಲಿ ನಿಂತು ಈ ಓಟ ಯಾಕೆಂದು ಕೇಳಿದರು. ಇಬ್ಬರನ್ನೂ ನಾವು ಗೌರವಿಸುತ್ತೇವೆ. ಮಗಳು ಓದು ಸಾಕೆಂದು ತಾನೇ ಯೋಚಿಸಿ ಹೇಳಿದರೆ ಅದೂ ಒಂದು ತೀರ್ಮಾನವೇ. ಅದು ಅವಳ ತೀರ್ಮಾನವಾಗಿರಬೇಕು, ಅಷ್ಟೆ.

ಗ್ರೇಂಜರ್ ಅವರು 2024ರಲ್ಲಿ ಬ್ರಿಟಿಷ್ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷ ಸ್ಥಾನಕ್ಕೆ ಚುನಾಯಿತರಾದರು. 1905ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಮಹಿಳಾ ಅಧ್ಯಕ್ಷೆ ಅದೇ ಮೊದಲು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಬಹುಮಾನ ವಿತರಣೆ ಬಾಕಿಯಿದೆ, ಮಗ್ರಿಬ್‌ಗೆ ಹೆಚ್ಚು ಸಮಯವಿಲ್ಲ. ಚೀಟಿ ಕಳುಹಿಸಿದ ಸಹೋದರಿಗೆ ಇನ್ನೂ ಕೇಳುವುದಿದ್ದರೆ ಕಾರ್ಯಕ್ರಮದ ಬಳಿಕ ನಾವು ಇಲ್ಲೇ ಇರುತ್ತೇವೆ.